ಕಾಸರಕೋಡ ದಂಡೆಯಲ್ಲಿ ಕುದಿದ ಬಸ್ಸು

ಗಾಡಿ ಕುದಿಯಿತು ಎಂದು ಯಾರಾದರೂ ಓಡಿ ಬಂದರೆ ಮೆಕ್ಯಾನಿಕ್ ಆದವನು ಮೊದಲು ಮಾಡಬೇಕಾದ ಕೆಲಸ ಒಂದೇ, ಸುಮ್ಮನೆ ಕೂರುವುದು. ಅರ್ಧ ಗಂಟೆಯಾದರೂ ಕೂರಬೇಕು. ಬೀಡಿ ಸೇದುವವನು ಬೀಡಿ ಸೇದಲಿ, ಎಲೆ ಹಾಕುವವನು ಎಲೆ ಹಾಕಲಿ. ಪ್ರಯಾಣಿಕರು ಎಷ್ಟೇ ಬೈಯಲಿ, ಡ್ರೈವರು ಎಷ್ಟೇ ಗಡಿಬಿಡಿ ಮಾಡಲಿ, ಇಂಜಿನ್ ಆರುವ ತನಕ ರೇಡಿಯೇಟರಿನ ಮುಚ್ಚಳಕ್ಕೆ ಕೈ ಹಚ್ಚಬಾರದು. ನನ್ನ ಬಲಗೈ ಮಣಿಕಟ್ಟಿನ ಮೇಲಿರುವ ಸುಟ್ಟ ಕಲೆ, ಕೆಲಸಕ್ಕೆ ಸೇರಿದ ಮೊದಲ ವಾರದ ಗಳಿಕೆ. ಅಂದು ನಮ್ಮ ಗ್ಯಾರೇಜಿನ ಹಿರಿಯ ಪಾಸ್ಕು ಮೇಸ್ತ್ರಿ ನನ್ನ ಕೈಯನ್ನು ತಣ್ಣೀರಿನ ಬಾಲ್ದಿಯಲ್ಲಿ ಅದ್ದಿ ಹಿಡಿದುಕೊಂಡು, "ಅರೇ ಸಾಯ್ಬಾ, ಅನ್ನ ಕುದಿಯೂವಾಗ ನಿನ್ನ ಆಯಿ ಹೀಂಗೇ ಪಾತ್ರೆಗೆ ಕೈ ಹಾಕ್ತಾಳನಾ?" ಎಂದು ಕೇಳಿದ್ದರು. ನೋವಿಗಿಂತ ಆ ಮಾತೇ ಹೆಚ್ಚು ಚುರುಗುಟ್ಟಿತು.

ಈಗ ಗ್ಯಾರೇಜಿಗೆ ಸೇರುವವರ ಕೈಯಲ್ಲಿ ಯಂತ್ರಗಳಿವೆ. ವೈರು ಸಿಕ್ಕಿಸಿದರೆ ಗಾಡಿಯೇ ತನ್ನ ಕಾಯಿಲೆಯನ್ನು ಹೇಳುತ್ತದೆ. ಒಳ್ಳೆಯದೇ ಆಯಿತು, ನಾನೇನು ಹೊಟ್ಟೆಕಿಚ್ಚು ಪಡುವವನಲ್ಲ. ನಮ್ಮ ಕಾಲದಲ್ಲಿ ಅಂಗೈಯೇ ಮೀಟರು. ರೇಡಿಯೇಟರಿನ ಮೇಲಿನ ಹೋಸ್ ಪೈಪು ಸುಡುತ್ತಿದ್ದು ಕೆಳಗಿನದು ತಣ್ಣಗಿದ್ದರೆ ಒಳಗೆ ನೀರು ಹರಿಯುತ್ತಿಲ್ಲ ಎಂದರ್ಥ. ನೀರಿನಲ್ಲಿ ಗುಳ್ಳೆ ಏಳುತ್ತಿದ್ದರೆ ಹೆಡ್ ಗ್ಯಾಸ್ಕೆಟ್ ಹೋಗಿದೆ. ಫ್ಯಾನ್ ಬೆಲ್ಟನ್ನು ಹೆಬ್ಬೆರಳಿಂದ ಒತ್ತಿ ನೋಡಬೇಕು, ಜೋತಾಡಿದರೆ ಫ್ಯಾನು ತಿರುಗುವುದು ಬರೀ ಹೆಸರಿಗೆ. ಕುಮಟೆಯ ಕಡೆಯ ಲಾರಿಯೊಂದು ಬೆಲ್ಟು ಹರಿದದ್ದಕ್ಕೆ ಕತ್ತದ ಹಗ್ಗ ಕಟ್ಟಿಕೊಂಡು ಹಳದೀಪುರದಿಂದ ಹೊನ್ನಾವರದವರೆಗೆ ಬಂದದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಆ ಡ್ರೈವರನ್ನು ಬೈಯಬೇಕೋ ಹೊಗಳಬೇಕೋ ತಿಳಿಯದೆ ಪಾಸ್ಕು ಮೇಸ್ತ್ರಿ ಅವನಿಗೆ ಚಹಾ ಕುಡಿಸಿ ಕಳಿಸಿದರು.

ಇನ್ನೊಂದನ್ನೂ ಹೇಳಿಬಿಡುತ್ತೇನೆ, ಯಾಕೆಂದರೆ ಅದರಲ್ಲಿ ಮಂಗನಾದವನು ನಾನೇ. ಭಟ್ಕಳದ ನವಾಯತ ಮುಸ್ಲಿಮರ ಮನೆಯೊಂದರ ಮದುವೆ. ಮದುಮಗನ ಕಾರು ಊರು ದಾಟುವಷ್ಟರಲ್ಲಿ ಕುದಿಯಿತು. ಬೇರೆ ಕೆಲಸಕ್ಕೆಂದು ಭಟ್ಕಳಕ್ಕೆ ಹೋಗಿದ್ದ ನನ್ನನ್ನು ಎಳೆದುಕೊಂಡು ಹೋದರು. ಬೆಲ್ಟು ನೋಡಿದೆ, ಹೋಸು ನೋಡಿದೆ, ಥರ್ಮೋಸ್ಟಾಟ್ ಬಿಚ್ಚಿ ಕೈಯಲ್ಲಿ ಹಿಡಿದುಕೊಂಡೆ. ಎಲ್ಲ ಸರಿಯಿತ್ತು. ಹಿಂದಿನ ಸೀಟಿನಲ್ಲಿ ಕೂತಿದ್ದ ಮದುಮಗನ ಅಜ್ಜಿ ಕೊನೆಗೆ ತಾಳ್ಮೆಗೆಟ್ಟು, "ಮೇಸ್ತ್ರಿ, ಆ ಹೂವು ಒಂಚೂರು ತೆಗೀರಿ. ಅದು ಉಸ್ರು ಬಿಡೂದಾದ್ರೂ ಹ್ಯಾಂಗೆ?" ಎಂದರು. ಕಾರಿನ ಮೂತಿಯ ಜಾಲರಿಗೆ ಗಾಳಿ ತೂರಲು ಎಡೆಯಿಲ್ಲದಂತೆ ಮಲ್ಲಿಗೆ ದಂಡೆಗಳನ್ನು ಬಿಗಿದು ಕಟ್ಟಿದ್ದರು. ಭಟ್ಕಳದ ಮಲ್ಲಿಗೆಯೆಂದರೆ ಅಲ್ಲಿಯವರು ಜಿಪುಣತನ ಮಾಡುವುದುಂಟೇ? ದಂಡೆಗಳನ್ನು ತೆಗೆದು ಕಾರಿನ ಮಾಡಿಗೆ ಕಟ್ಟಿದೆವು. ಕಾರು ಹೊರಟಿತು. ಇಂಜಿನಿನ ಒಳಗೆ ಕಣ್ಣು ನೆಟ್ಟವನಿಗೆ ಹೊರಗಿನದು ಕಾಣುವುದಿಲ್ಲ ಎಂದು ಅವತ್ತೇ ಕಲಿಯಬೇಕಿತ್ತು. ಕಲಿತಿದ್ದರೆ ಮುಂದಿನ ಕಥೆಯನ್ನು ಬರೆಯುವ ಗ್ರಹಚಾರ ನನಗೆ ಬರುತ್ತಿರಲಿಲ್ಲ.

ಇಸವಿ ಐವತ್ತೆಂಟು, ಐವತ್ತೊಂಬತ್ತರ ಸುಮಾರು. ಶರಾವತಿಗೆ ಹೊನ್ನಾವರದಲ್ಲಿ ಆಗ ಮೋಟಾರು ದಾಟುವ ಸೇತುವೆ ಇರಲಿಲ್ಲ. ಕುಮಟೆಯಿಂದ ಬಂದ ಬಸ್ಸು ಹೊನ್ನಾವರದಲ್ಲಿ ನಿಲ್ಲುತ್ತಿತ್ತು. ಜನ ಗಂಟುಮೂಟೆ ಹೊತ್ತು ದೋಣಿಯಲ್ಲಿ ಹೊಳೆ ದಾಟಿ, ಎದುರು ದಂಡೆಯ ಕಾಸರಕೋಡದಲ್ಲಿ ಭಟ್ಕಳದ ಬಸ್ಸು ಹತ್ತುತ್ತಿದ್ದರು. ನಾನು ಕೆಲಸಕ್ಕಿದ್ದ ಗ್ಯಾರೇಜು ಹೊನ್ನಾವರದ ದಂಡೆಯಲ್ಲಿತ್ತು. ಗ್ಯಾರೇಜೂ ಬಸ್ಸುಗಳೂ ಒಬ್ಬರೇ ಧಣಿಯವು. ಅವರನ್ನು ಎಲ್ಲರೂ ಒಡೆಯರು ಎಂದೇ ಕರೆಯುತ್ತಿದ್ದುದರಿಂದ ನಾನೂ ಹಾಗೇ ಬರೆಯುತ್ತೇನೆ.

ಒಡೆಯರ ಹಳೆಯ ಬಸ್ಸುಗಳು ವರ್ಷವಿಡೀ ಕುದಿಯುತ್ತಿದ್ದವು. ಅವು ಕುದಿಯುವುದು, ನಾವು ಬೈಸಿಕೊಳ್ಳುವುದು ಯಾರಿಗೂ ಹೊಸತಲ್ಲ. ಆ ಸಲ ದೀಪಾವಳಿಯ ಹೊತ್ತಿಗೆ ಒಡೆಯರು ಒಂದೇ ಜಾತಿಯ ಎರಡು ಹೊಸ ಡೀಸೆಲ್ ಬಸ್ಸು ತರಿಸಿದರು. ಒಂದು ಕುಮಟೆ ಲೈನಿಗೆ ಓಡತೊಡಗಿತು. ಇನ್ನೊಂದನ್ನು ಎರಡು ದೋಣಿ ಜೋಡಿಸಿ ಹಲಗೆ ಹಾಸಿದ ಜಂಗಲ್ ಮೇಲೆ ನಿಲ್ಲಿಸಿ, ಉಸಿರು ಬಿಗಿಹಿಡಿದು ಹೊಳೆ ದಾಟಿಸಿದೆವು. ಅದನ್ನು ಭಟ್ಕಳ ಲೈನಿಗೆ ಬಿಟ್ಟರು. ಅದರ ಸ್ಟೇರಿಂಗು ಕೊಟ್ಟದ್ದು ಗಣಪು ನಾಯ್ಕರಿಗೆ.

ಗಣಪು ನಾಯ್ಕರು ಹಳದೀಪುರದವರು. ನನಗಿಂತ ಹತ್ತು ವರ್ಷಕ್ಕೆ ದೊಡ್ಡವರು, ನಾನು ಗಣಪಣ್ಣ ಎನ್ನುತ್ತಿದ್ದೆ. ಮಾತು ಕಡಿಮೆ. ಬೆಳಿಗ್ಗೆ ಬಸ್ಸಿನ ಗಾಜು ಒರೆಸಿ, ಕ್ಲಚ್ಚಿಗೆ ಕೈಮುಗಿದೇ ಕೂರುತ್ತಿದ್ದರು. ಹೊಸ ಬಸ್ಸು ತನ್ನ ಕೈಗೆ ಬಂತೆಂದು ಅವರಿಗೆ ಹಿಡಿಸಲಾರದಷ್ಟು ಹೆಮ್ಮೆ. ಶಿವರಾತ್ರಿ ಕಳೆಯಿತೋ ಇಲ್ಲವೋ, ಆ ಬಸ್ಸು ಕುದಿಯತೊಡಗಿತು. ಮೊದಲು ಮಂಕಿಯ ಏರಿನಲ್ಲಿ, ಆಮೇಲೆ ಮಾವಳ್ಳಿಯ ಹತ್ತಿರದ ಸಪಾಟು ರಸ್ತೆಯಲ್ಲೂ.

ನಾನು ಹತಾರದ ಪೆಟ್ಟಿಗೆ ಹೊತ್ತು ದೋಣಿಯಲ್ಲಿ ದಾಟಿ ಹೋದೆ. ಪಾಸ್ಕು ಮೇಸ್ತ್ರಿ ಆಗ ಮಗಳ ಬಾಣಂತನಕ್ಕೆಂದು ಕಾರವಾರಕ್ಕೆ ಹೋಗಿದ್ದರು. ಹೀಗಾಗಿ ನಾನೇ ದೊಡ್ಡ ಮನುಷ್ಯ. ಬೆಲ್ಟು, ಪಂಪು, ಗ್ಯಾಸ್ಕೆಟ್ ಎಲ್ಲ ನೋಡಿದೆ. ಒಂದರಲ್ಲೂ ದೋಷ ಸಿಗಲಿಲ್ಲ. ರೇಡಿಯೇಟರಿನ ನೀರು ಬಿಟ್ಟಾಗ ಕೆಂಪಗೆ ತುಕ್ಕು ಬೆರೆತ ನೀರು ಬಂತು. ಹೊಸ ಬಸ್ಸಿನಲ್ಲಿ ಇಷ್ಟು ತುಕ್ಕೆಂದರೆ ಒಂದೇ ಕಾರಣ ಎಂದು ನನ್ನ ತಲೆ ಹೇಳಿತು. ನೀರು ಕಡಿಮೆಯಿದ್ದರೆ ಒಳಗೆ ಗಾಳಿ ಸೇರುತ್ತದೆ, ಬಿಸಿ ಕಬ್ಬಿಣಕ್ಕೆ ಗಾಳಿ ತಾಗಿದರೆ ತುಕ್ಕು ಹಿಡಿಯುತ್ತದೆ. ಅಂದರೆ ಈ ಬಸ್ಸು ನೀರಿಲ್ಲದೆ ಓಡಿದೆ.

"ಗಣಪಣ್ಣ, ನೀರು ಸರೀ ನೋಡ್ತ್ರನಾ?" ಎಂದೆ.

"ಪ್ರತಿ ಟ್ರಿಪ್ಪಿಗೂ ಹಾಕ್ತೆ ಮಾರಾಯ. ಇಲ್ಲಿ ಬಸ್ಸು ನಿಲ್ಲಿಸಿ ಇಂಜಿನ್ ಆರಿದ ಕೂಡ್ಲೆ ಹಾಕೂದೇ ಮೊದ್ಲ ಕೆಲ್ಸ."

"ಹಂಗಾರೆ ಈ ತುಕ್ಕು ಎಂತಕ್ಕೆ ಬಂತು?"

"ಅದು ನಂಗೆ ಹ್ಯಾಂಗೆ ಗೊತ್ತು? ಮೆಕ್ಯಾನಿಕ್ ನೀನಲ್ದಾ?"

ಆ ಮಾತು ನನಗೆ ನಾಟಿತು. ಇಪ್ಪತ್ತಮೂರು ವರ್ಷದವನ ಸೊಕ್ಕಿಗೆ ಅಷ್ಟು ಸಾಕಾಗುತ್ತದೆ. ರೇಡಿಯೇಟರಿಗೆ ಬಟ್ಟೆ ಸೋಡಾ ಹಾಕಿ ತೊಳೆದೆ. ಎರಡು ವಾರ ಚೆನ್ನಾಗಿ ಓಡಿ ಮತ್ತೆ ಕುದಿಯಿತು. ಮತ್ತೆ ತೊಳೆದೆ, ಮತ್ತೆ ಕುದಿಯಿತು. ಮೇ ತಿಂಗಳಲ್ಲಿ ಒಂದು ದಿನ ಮುರ್ಡೇಶ್ವರದ ಕ್ರಾಸಿನಲ್ಲಿ ಇಂಜಿನ್ ಹಿಡಿದುಕೊಂಡು ನಿಂತೇಬಿಟ್ಟಿತು. ಅಲ್ಲಿಂದ ಅದನ್ನು ಎಳೆಸಿ, ಜಂಗಲ್ ಹತ್ತಿಸಿ, ಗ್ಯಾರೇಜಿಗೆ ತಂದು ಪಿಸ್ಟನ್ ಬದಲಾಯಿಸಬೇಕಾಯಿತು.

ರಿಪೇರಿಯಾದ ಬಸ್ಸು ಮತ್ತೆ ಹೊಳೆ ದಾಟಿದ ದಿನ ಒಡೆಯರು ನನ್ನನ್ನೂ ಗಣಪಣ್ಣನನ್ನೂ ಕಾಸರಕೋಡ ದಂಡೆಗೆ ಕರೆಸಿದರು. ದೋಣಿಯವರು, ಕಂಡಕ್ಟರು, ಬಸ್ಸಿಗೆ ಕಾದು ಕುಳಿತ ಹತ್ತಾರು ಜನ ಸುತ್ತ ನಿಂತಿದ್ದರು.

"ಎರಡೂ ಬಸ್ಸು ಒಂದೇ ದಿನ ಬಂದದ್ದು," ಎಂದರು ಒಡೆಯರು. "ಕುಮಟೆ ಬಸ್ಸಿಗೆ ಎಂತಾ ಆಗ್ಲಿಲ್ಲ. ಇದಕ್ಕೆ ಮಾತ್ರ ಎಂತಕ್ಕೆ? ದೇವಿದಾಸ, ಬಸ್ಸಿನಲ್ಲಿ ದೋಷ ಉಂಟೋ?"

"ಬಸ್ಸಿನಲ್ಲಿ ದೋಷ ಇಲ್ಲ ಒಡೆಯರೆ. ನೀರಿಲ್ಲದೆ ಓಡಿಸಿದ್ದಾರೆ," ಎಂದೆ.

"ನಾನು ನೀರು ಹಾಕಿದ್ದೆ," ಎಂದರು ಗಣಪಣ್ಣ. ಎರಡನೆಯ ಸಲವೂ ಅದನ್ನೇ ಹೇಳಿದರು. ಮೂರನೆಯ ಸಲ ಒಡೆಯರ ಮುಂದೆ ಹೋಗಿ ನಿಂತು ಹೇಳಿದರು. ಯಾರೋ ನಕ್ಕರು. ಒಡೆಯರು ಕೈ ಚಾಚಿದರು, ಗಣಪಣ್ಣ ಬಸ್ಸಿನ ಬೀಗದ ಕೈ ಕೊಟ್ಟು ದೋಣಿಯ ಕಡೆ ನಡೆದರು.

ಅವರ ಜಾಗಕ್ಕೆ ಭಟ್ಕಳದ ಇಬ್ರಾಹಿಂ ಬಂದ. ಜೂನಿನಲ್ಲಿ ಮಳೆ ಹಿಡಿಯಿತು. ಅಲ್ಲಿಂದ ದೀಪಾವಳಿಯ ತನಕ ಆ ಬಸ್ಸು ಒಂದು ದಿನವೂ ಕುದಿಯಲಿಲ್ಲ. ಡ್ರೈವರನ್ನು ಬದಲಾಯಿಸಿದ ಕೂಡಲೇ ಬಸ್ಸು ಸರಿಹೋಯಿತು ಎಂದು ಊರೆಲ್ಲ ಹೇಳಿತು. ಒಡೆಯರು ನನ್ನ ಬೆನ್ನು ತಟ್ಟಿದರು. ಬೀಗಲಿಲ್ಲ ಎಂದರೆ ಸುಳ್ಳಾದೀತು. ಕಾರವಾರದಿಂದ ಮರಳಿದ ಪಾಸ್ಕು ಮೇಸ್ತ್ರಿಗೂ ಎಲ್ಲವನ್ನೂ ಬಣ್ಣ ಕಟ್ಟಿ ಹೇಳಿದೆ. ಅವರು ಮಾತ್ರ, "ನೀನು ರೇಡಿಯೇಟರ್ ಕೆಳಗಿಳಿಸಿ, ಬಿಚ್ಚಿ ನೋಡಿದ್ಯನಾ?" ಎಂದು ಕೇಳಿದರು. ಇಲ್ಲ ಎಂದೆ.

ಮರುವರ್ಷ ಏಪ್ರಿಲಿನಲ್ಲಿ ಕಾಸರಕೋಡದಿಂದ ಸುದ್ದಿ ಬಂತು. ಬಸ್ಸು ಕುದಿದಿದೆ.

ಹತಾರದ ಪೆಟ್ಟಿಗೆ ಹೊತ್ತು ಹೊಳೆ ದಾಟಿದೆ. ಇಂಜಿನ್ ಆರಲೆಂದು ದಂಡೆಯ ಮೇಲೆ ಕೂತೆ. ಸುಡು ಮಧ್ಯಾಹ್ನ, ಕಡಲು ಉಕ್ಕಿ ಹೊಳೆಗೆ ಭರತ ಏರುತ್ತಿತ್ತು. ಇಬ್ರಾಹಿಂ ಲುಂಗಿ ಎತ್ತಿಕಟ್ಟಿ, ಬಾಲ್ದಿ ಹಿಡಿದು ಹೊಳೆಗಿಳಿದು ನೀರು ತಂದಿಟ್ಟ. ಕೈಯ ಮಸಿ ತೊಳೆದು ನಾನು ಅದೇ ನೀರಲ್ಲಿ ಮುಖ ತೊಳೆದುಕೊಂಡೆ. ತುಟಿಗೆ ಉಪ್ಪು ಹತ್ತಿತು. ಬೆವರಿರಬೇಕು ಅಂದುಕೊಂಡೆ. ಇನ್ನೊಂದು ಬೊಗಸೆ ತೆಗೆದು ಬಾಯಿಗೆ ಹಾಕಿದೆ. ಬೆವರಾಗಿರಲಿಲ್ಲ.

"ಇಬ್ರಾಹಿಂ ಭಾಯ್, ರೇಡಿಯೇಟರಿಗೂ ಇದೇ ನೀರನಾ?"

"ಮತ್ತೆ? ಇಲ್ಲಿ ಬೇರೆ ನೀರು ಎಲ್ಲಿ ಉಂಟು? ಮುಂಚೆಯಿಂದ ಎಲ್ರೂ ಇದೇ ಹಾಕೂದು."

ರೇಡಿಯೇಟರಿನ ಕೆಳಗಿನ ನಲ್ಲಿ ಬಿಟ್ಟು ಒಂದು ಹನಿ ನಾಲಿಗೆಗೆ ಹಚ್ಚಿದೆ. ಹೊಳೆ ನೀರಿಗಿಂತ ಎಷ್ಟೋ ಪಾಲು ಹೆಚ್ಚು ಉಪ್ಪು. ದಿನವೂ ನೀರು ಆವಿಯಾಗಿ ಹೋಗುತ್ತದೆ, ಉಪ್ಪು ಒಳಗೇ ಉಳಿಯುತ್ತದೆ, ಅದರ ಮೇಲೆ ಮತ್ತೆ ಉಪ್ಪು ನೀರು ಬೀಳುತ್ತದೆ. ನಾನು ಕಂಡ ತುಕ್ಕು ನೀರಿಲ್ಲದ ತುಕ್ಕಲ್ಲ, ಉಪ್ಪಿನ ತುಕ್ಕು. ಬೇಸಿಗೆಯಲ್ಲಿ ಕಡಲ ನೀರು ಹೊಳೆಗೆ ಏರಿ ಬರುತ್ತದೆ. ಮಳೆಗಾಲದಲ್ಲಿ ಘಟ್ಟದ ನೀರು ಇಳಿದು ಹೊಳೆ ಸಿಹಿಯಾಗುತ್ತದೆ, ಒಳಗೆ ಕೂತ ಉಪ್ಪೂ ಕರಗುತ್ತದೆ, ಆಗ ಬಸ್ಸು ಯಾಕೆ ಕುದಿದೀತು? ಕುಮಟೆ ಬಸ್ಸಿಗೆ ಹೊನ್ನಾವರ ಪೇಟೆಯ ಬಾವಿಯ ನೀರು ಸಿಗುತ್ತಿತ್ತು.

ಇದು ಯಾರಿಗೆ ತಿಳಿಯದಿದ್ದರೂ ನನಗೆ ತಿಳಿಯಬೇಕಿತ್ತು. ನಾನು ಹುಟ್ಟಿ ಬೆಳೆದದ್ದು ಇದೇ ಹೊಳೆಯ ನಡುವಿನ ಮಾವಿನಕುರ್ವೆಯಲ್ಲಿ. ಮಳೆ ಹಿಂದೆ ಸರಿದ ಮೇಲೆ ನಮ್ಮ ಆಯಿ ಹೊಳೆ ನೀರಲ್ಲಿ ಪಾತ್ರೆ ಸಹ ಬೆಳಗುತ್ತಿರಲಿಲ್ಲ. ಮನೆಯಲ್ಲಿ ಗೊತ್ತಿದ್ದದ್ದು ಗ್ಯಾರೇಜಿಗೆ ಬಂದಾಗ ಮರೆತುಹೋಗಿತ್ತು. ಗಣಪಣ್ಣ ಹಳದೀಪುರದ ಗದ್ದೆ ಬಯಲಿನವರು, ಅವರಿಗೆ ಹೊಳೆಯೆಂದರೆ ನೀರು, ಅಷ್ಟೇ. ನೀರು ಹಾಕಿದ್ದೆ ಎಂದು ಮೂರು ಸಲ ಹೇಳಿದ್ದರು. ಎಲ್ಲಿಯ ನೀರು ಎಂದು ಒಂದು ಸಲವೂ ನಾನು ಕೇಳಲಿಲ್ಲ.

ರೇಡಿಯೇಟರನ್ನು ಬಿಚ್ಚಿ ದೋಣಿಯಲ್ಲಿ ಗ್ಯಾರೇಜಿಗೆ ತಂದೆ. ಪಾಸ್ಕು ಮೇಸ್ತ್ರಿ ಬೆಸುಗೆ ಕಾಯಿಸಿ ಮೇಲಿನ ಟಾಕಿ ಕಳಚಿದರು. ಕೊಳವೆಗಳ ಬಾಯಲ್ಲಿ ಬಿಳಿ, ಕಂದು ಹೆಪ್ಪು ಗಟ್ಟಿಯಾಗಿ ಕೂತಿತ್ತು. ಅರ್ಧಕ್ಕರ್ಧ ಕೊಳವೆಗಳಲ್ಲಿ ತಂತಿಯೂ ತೂರಲಿಲ್ಲ. ಅವರು ಉಗುರಲ್ಲಿ ಕೆರೆದು, ನೆಕ್ಕಿ ನೋಡಿ ಉಗಿದರು.

"ಇಬ್ರಾಹಿಂ ದಿನಾ ಹಾಕ್ತನಾ?" ಎಂದು ಕೇಳಿದರು.

"ಇಲ್ಲ, ಅಂವ ಸ್ವಲ್ಪ ಉದಾಸೀನ. ಎರಡು ದಿನಕ್ಕೊಮ್ಮೆ."

"ಅದಕ್ಕೇ ಏಪ್ರಿಲ್‌ವರೆಗೆ ಬಾಳಿತು. ಗಣಪು ದಿನಾ ಹಾಕ್ದ, ಟ್ರಿಪ್ಪಿಗೊಂದು ಸಲ ಹಾಕ್ದ. ಅದಕ್ಕೇ ಬೇಗ ಕಟ್ಟಿತು." ಮೇಸ್ತ್ರಿ ಕೈ ಒರೆಸಿಕೊಂಡರು. "ನೀರು ಹಾಕ್ಲಿಲ್ಲ ಅಂತ ಅವನನ್ನ ತೆಗೆಸಿದ್ದು ನೀನು, ದೇವು. ಬಸ್ಸು ಹಾಳಾದ್ದು ಅಂವ ತಪ್ಪದೆ ನೀರು ಹಾಕಿದ್ದಕ್ಕೆ."

ನನಗೆ ಅಳು ಬಂತು, ಅತ್ತೂಬಿಟ್ಟೆ. ಇದನ್ನು ಬರೆಯಲು ನನಗೀಗ ನಾಚಿಕೆಯಿಲ್ಲ.

ಒಡೆಯರಿಗೆ ಅವತ್ತೇ ಹೋಗಿ ಹೇಳಿದೆ. ಅವರು ಕೆಟ್ಟವರಲ್ಲ. "ಗಣಪುಗೆ ಕೆಲಸಕ್ಕೆ ಬಾ ಅಂತ ಹೇಳು. ಆದ್ರೆ ಈ ಉಪ್ಪಿನ ಕಥೆ ಊರ ಮುಂದೆ ಹೇಳ್ಕಂತ ಹೋಗಬೇಡ. ಗ್ಯಾರೇಜಿನವರೇ ತಪ್ತಾರೆ ಅಂತ ಆದ್ರೆ ನಾಳೆ ಯಾವ ಡ್ರೈವರ್ ನಿಮ್ಮ ಮಾತು ಕೇಳ್ತಾನೆ?" ಎಂದರು. ಹೂಂ ಎಂದು ಬಂದೆ.

ಮರುದಿನ ಬೆಳಿಗ್ಗೆ ಹಳದೀಪುರಕ್ಕೆ ಹೋದೆ. ಗಣಪಣ್ಣ ಯಾರದೋ ತೆಂಗಿನ ತೋಟದಲ್ಲಿ ಗಿಡಗಳಿಗೆ ಕೊಡದಿಂದ ನೀರು ಹೊಯ್ಯುತ್ತಿದ್ದರು. ವರ್ಷದಲ್ಲಿ ಬಡಕಲಾಗಿದ್ದರು. ನನ್ನನ್ನು ನೋಡಿ ಕೊಡ ಇಳಿಸಿದರು, ಬಾ ಎನ್ನಲಿಲ್ಲ. ನಾನು ನಿಂತಲ್ಲೇ ನಿಂತು ಎಲ್ಲವನ್ನೂ ಹೇಳಿದೆ.

"ಬಾವಿ ಇತ್ತು ಅಲ್ಲಿ, ಮೀನುಗಾರರ ಕೇರಿಯಲ್ಲಿ," ಎಂದರು ಗಣಪಣ್ಣ. "ಬೇಸಿಗೇಲಿ ಅದು ತಳ ಕಾಣ್ತದೆ. ಹೆಂಗಸ್ರು ಚೊಂಬಿನಲ್ಲಿ ಮೊಗೆದು ಕೊಡ ತುಂಬ್ಸೂದು ನೋಡಿದ್ದೆ. ಮೋಟಾರಿಗೆ ಕೊಡಿ ಅಂತ ಕೇಳೂಕೆ ಬಾಯಿ ಬರ್ಲಿಲ್ಲ. ಹೊಳೇಲಿ ಬೇಕಾದಷ್ಟು ಇತ್ತಲ, ಅದಕ್ಕೆ..."

ಅಷ್ಟರಲ್ಲಿ ಅವರ ಹೆಂಡತಿ ಮಾದೇವಿ ಗಂಜಿ ತಂದಿದ್ದರು. ಗಣಪಣ್ಣ ನನ್ನತ್ತ ತಿರುಗಿ, "ಈಗ ಹೇಳಿದ್ದು ಇವಳ ಎದುರು ಇನ್ನೊಂದ್ಸಲ ಹೇಳು," ಎಂದರು. ಹೇಳಿದೆ. ಆಕೆ ಗಂಜಿಯ ಪಾತ್ರೆ ಕೆಳಗಿಟ್ಟು ಸೆರಗು ಬಾಯಿಗೆ ಒತ್ತಿಕೊಂಡರು.

"ನಾನೂ ಕೇಳಿಬಿಟ್ಟಿದ್ದೆ," ಎಂದರು. "ನೀವು ಖರೇ ನೀರು ಹಾಕಿದ್ರನಾ ಅಂತ. ನಾನೂ ಕೇಳಿಬಿಟ್ಟಿದ್ದೆ."

ಒಡೆಯರು ಕೆಲಸಕ್ಕೆ ಬರಹೇಳಿದ್ದಾರೆ ಎಂದೆ. ಗಣಪಣ್ಣ ತಲೆಯಾಡಿಸಿದರು.

"ಕೆಲಸದ ಮಾತು ಆಮೇಲೆ. ಇಲ್ಲಿ ಬಸ್ ಸ್ಟಾಪಿನ ಹತ್ರ ಚಹಾದಂಗಡಿ ಉಂಟಲ, ನಾನು ಆ ದಾರೀಲಿ ಹೋಗದೆ ವರ್ಷ ಆತು. ಹೋದ್ರೆ ಸಾಕು, ಮರಕ್ಕಾದ್ರೂ ನೀರು ಹಾಕ್ತ್ಯನಾ ಗಣಪು ಅಂತ ಕೇಳ್ತ್ರು. ಕಾಸರಕೋಡದಲ್ಲಿ ನೀನು ಜನರ ಎದುರು ಹೇಳಿದ್ದೆ. ಹನ್ನೊಂದರ ಬಸ್ಸಿಗೆ ಈ ಚಹಾದಂಗಡಿ ಎದುರು ಜನ ಇರ್ತ್ರು. ಅಲ್ಲಿ ಹೇಳು. ಅಷ್ಟಾದ್ರೆ ನಾಳೆ ಕೆಲ್ಸಕ್ಕೆ ಬತ್ತೆ. ಆಗೂದಿಲ್ಲ ಅಂದ್ರೆ ಗಂಜಿ ಉಣ್ಣು, ಹೋಗು."

ಒಡೆಯರ ಮಾತು ನೆನಪಿತ್ತು. ಕೆಲಸ ಹೋದರೆ ಮಾವಿನಕುರ್ವೆಗೆ ಹೋಗಿ ಬಲೆ ಹಿಡಿಯಬೇಕು, ಅದೂ ನನಗೆ ನೆಟ್ಟಗೆ ಬರುತ್ತಿರಲಿಲ್ಲ. ಗಂಜಿ ಉಣ್ಣಲಿಲ್ಲ. ಇಬ್ಬರೂ ಬಸ್ ಸ್ಟಾಪಿಗೆ ನಡೆದೆವು.

ಹೊನ್ನಾವರಕ್ಕೆ ಹೋಗುವ ಬಸ್ಸು ಬಂದು ನಿಂತಿತು. ಚಹಾದಂಗಡಿಯ ಬೆಂಚಿನಲ್ಲಿ ಏಳೆಂಟು ಜನರಿದ್ದರು, ಬಸ್ಸಿನ ಕಿಟಕಿಗಳಲ್ಲಿ ಇನ್ನಷ್ಟು. ಒಬ್ಬ ಆಗಲೇ ಗಣಪಣ್ಣನನ್ನು ನೋಡಿ ಬಾಯಿ ತೆರೆಯುತ್ತಿದ್ದ. ಅವನು ಏನಾದರೂ ಹೇಳುವ ಮೊದಲೇ ನಾನು ಶುರುಮಾಡಿದೆ. ಗಟ್ಟಿಯಾಗಿ ಹೇಳಬೇಕೆಂದು ಹೊರಟು ಕಿರುಚಿದಂತೆಯೇ ಆಯಿತು.

"ನಾನು ಹೊನ್ನಾವರ ಗ್ಯಾರೇಜಿನ ಮೆಕ್ಯಾನಿಕ್. ಗಣಪು ನಾಯ್ಕರು ಬಸ್ಸಿಗೆ ನೀರು ಹಾಕ್ತಿದ್ರು. ದಿನಾ ಹಾಕ್ತಿದ್ರು, ಒಂದು ಟ್ರಿಪ್ಪೂ ತಪ್ಪಿಸ್ಲಿಲ್ಲ. ಹೊಳೆ ನೀರು ಉಪ್ಪಾಗಿತ್ತು, ರೇಡಿಯೇಟರ್ ಕಟ್ಟಿತ್ತು. ಅದಕ್ಕೇ ಬಸ್ಸು ಕುದಿದ್ದು. ಇವರ ತಪ್ಪು ಎಂತಾ ಇರ್ಲಿಲ್ಲ."

ಕಂಡಕ್ಟರು ಸೀಟಿ ಊದುವುದನ್ನು ಬಿಟ್ಟು ನಿಂತಿದ್ದ. ಚಹಾದಂಗಡಿಯವನು ಕೈಯಲ್ಲಿದ್ದ ಗ್ಲಾಸು ಕೆಳಗಿಟ್ಟು, "ಹಂಗಾರೆ ಇಂವ ನೀರೇ ಹಾಕೂದಿಲ್ಲ ಅಂತ ಹೋದ ವರ್ಷ ಹೇಳಿದ್ದು ಯಾರು?" ಎಂದು ಕೇಳಿದ.

"ನಾನೇ," ಎಂದೆ.

ಯಾರೂ ನಗಲಿಲ್ಲ. ಗಣಪಣ್ಣ ಕೈಯ ಮಣ್ಣನ್ನು ಪಂಚೆಗೆ ಒರೆಸಿಕೊಂಡು, "ಬಸ್ಸು ಹೊರಡ್ತದೆ ದೇವು, ಹತ್ತು," ಎಂದರು. ನಾನು ಹತ್ತಿದೆ. ನಾಳೆಯ ತನಕ ಕಾಯದೆ ಅವರೂ ನನ್ನ ಹಿಂದೆಯೇ ಹತ್ತಿದರು.